ಕೂಗಿದವರು ಯಾರು, ಬೆಲೆ ತೆತ್ತವರು ಯಾರು?



1948ರ ಸೆಪ್ಟೆಂಬರ್ 17, ಶುಕ್ರವಾರ. ಅವತ್ತು ಸಂಜೆ ಹೈದರಾಬಾದಿನ ರೇಡಿಯೊ ನಿಲಯಕ್ಕೆ ಒಬ್ಬ ಅಪರೂಪದ ಅತಿಥಿ ಬಂದರು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. 1911ರಿಂದ 37 ವರ್ಷ ರಾಜ್ಯ ಆಳಿದವರು. ಜಗತ್ತಿನ ಅತಿ ಶ್ರೀಮಂತ ಅಂತ ಅಮೆರಿಕದ ಟೈಮ್ ಪತ್ರಿಕೆ 1937ರಲ್ಲಿ ಮುಖಪುಟದಲ್ಲಿ ಹಾಕಿದ್ದ ಮನುಷ್ಯ. ಅವರ ರಾಜ್ಯದ 16 ಜಿಲ್ಲೆಗಳಲ್ಲಿ ಮೂರು ನಮ್ಮವು: ಗುಲ್ಬರ್ಗ, ರಾಯಚೂರು, ಬೀದರ್. ಸೋಮವಾರ ನಸುಕಿನಲ್ಲಿ ಹೊರಟ ಭಾರತದ ಸೇನೆ ಸೋಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ್ ದಾಟಿ ರಾಜಧಾನಿಯ ಬಾಗಿಲಿಗೆ ಬಂದಿತ್ತು. ನಿಜಾಮರು ಮೈಕಿನ ಮುಂದೆ ಕೂತು ಒಂದು ಹಾಳೆ ಓದಿದರು. ಮಂತ್ರಿಮಂಡಲ ರಾಜೀನಾಮೆ ಕೊಟ್ಟಿದೆ, ಸೈನ್ಯಕ್ಕೆ ಕದನ ನಿಲ್ಲಿಸಲು ಹೇಳಿದೆ, ರಜಾಕಾರ ಪಡೆ ಇನ್ನು ಮೇಲೆ ನಿಷಿದ್ಧ. ಅಷ್ಟೇ. ಮುಗಿಯಿತು.

ಆ ಹಾಳೆ ಬರೆದವರು ಯಾರು ಗೊತ್ತಾ? ಹೈದರಾಬಾದಿನಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದ ಕೆ.ಎಂ. ಮುನ್ಷಿ. ಬರೆದಿದ್ದು ಇಂಗ್ಲಿಷಿನಲ್ಲಿ. ಅಂದರೆ ಅವತ್ತಿನ ಆ ಪ್ರಸಾರದಲ್ಲಿ ದನಿ ಒಬ್ಬರದು, ಮಾತು ಇನ್ನೊಬ್ಬರದು, ಭಾಷೆ ಮೂರನೆಯವರದು. ಆ ರಾಜ್ಯದ ಪ್ರಜೆಗಳು ತೆಲುಗು, ಮರಾಠಿ, ಕನ್ನಡ, ಉರ್ದು ಮಾತಾಡೋರು. ಅವರ ಬದುಕನ್ನೇ ತಿರುವಿ ಹಾಕಿದ ಸುದ್ದಿ ಅವರಿಗೆ ತಲುಪಿದ್ದು, ಬಹುಪಾಲು ಜನಕ್ಕೆ ಅರ್ಥವಾಗದ ನುಡಿಯಲ್ಲಿ.

ಇದು ಹೈದರಾಬಾದಿಗೆ ಮಾತ್ರ ಆದ ಕಥೆ ಅಲ್ಲ. ಮೂರು ವರ್ಷ ಮೊದಲು, 1945ರ ಆಗಸ್ಟ್ 15ರಂದು ಜಪಾನಿನ ಚಕ್ರವರ್ತಿ ಹಿರೋಹಿಟೊ ಶರಣಾಗತಿ ಘೋಷಿಸಿದಾಗಲೂ ಹೀಗೇ ಆಯಿತು. ಮುಂಚೆಯೇ ಮುದ್ರಿಸಿದ ತಟ್ಟೆಯಿಂದ ದನಿ ಬಂತು. ಭಾಷೆ ಆಸ್ಥಾನದ ಹಳೇ ಗ್ರಾಂಥಿಕ ಜಪಾನಿ. ರೇಡಿಯೊ ಮುಂದೆ ತಲೆ ತಗ್ಗಿಸಿ ನಿಂತಿದ್ದ ಜನರಲ್ಲಿ ಅನೇಕರಿಗೆ ಸೋತೆವೋ ಗೆದ್ದೆವೋ ಅನ್ನೋದೇ ತಿಳಿಯಲಿಲ್ಲ. ಆಮೇಲೆ ಉದ್ಘೋಷಕರೊಬ್ಬರು ಸರಳವಾಗಿ ಬಿಡಿಸಿ ಹೇಳಬೇಕಾಯಿತು. ದೊಡ್ಡ ದನಿಗಳು ಬಿದ್ದಾಗ ಜನಕ್ಕೆ ಸತ್ಯ ಹೇಳಲು ಕೊನೆಗೆ ಒಬ್ಬ ಸುದ್ದಿ ಓದುವವನೇ ಬೇಕಾಗುತ್ತಾನೆ. ನನ್ನ ವೃತ್ತಿಯ ಬಗ್ಗೆ ನನಗೆ ಗೌರವ ಹುಟ್ಟಿಸುವ ಪ್ರಸಂಗಗಳಲ್ಲಿ ಇದೂ ಒಂದು.

ಮಾತು ಎಷ್ಟು ತೂಕದ್ದೋ ದನಿ ಅಷ್ಟೇ ತೂಕದ್ದಿರಬೇಕು. ಭಾಷಣ ಕಲಿಸೋ ಪುಸ್ತಕಗಳಲ್ಲಿ ಇದು ಒಂದು ಸಾಲಿನ ಪಾಠ. ಆದರೆ ಕಲಬುರಗಿಯ ಚರಿತ್ರೆ ಓದಿದರೆ ಆ ಒಂದು ಸಾಲಿನ ಬೆಲೆ ಎಷ್ಟು ಅಂತ ಗೊತ್ತಾಗುತ್ತೆ. ದನಿ ತೂಕ ತಪ್ಪೋದು ಎರಡು ಥರ. ಹಗುರ ಮಾತಿಗೆ ಭಾರೀ ದನಿ ಹಚ್ಚೋದು ಒಂದು. ಭಾರದ ಮಾತನ್ನು ಪಿಸುಮಾತಿನಲ್ಲಿ ಮುಗಿಸೋದು ಇನ್ನೊಂದು. 1948ರಲ್ಲಿ ಈ ಸೀಮೆಯ ಜನ ಎರಡನ್ನೂ ಅನುಭವಿಸಿದರು, ಅದೂ ಒಂದೇ ವರ್ಷದಲ್ಲಿ.

ಮೊದಲು ಕೂಗಿನ ಕಥೆ.

ಈ ಕೂಗು ಶುರುವಾಗೋಕೆ ಮುಂಚೆ ಅಲ್ಲಿ ಏನಿತ್ತು? ಮೌನ ಇತ್ತು. ಹಾಕಿಸಿದ ಮೌನ. 1928ರಲ್ಲಿ ಕಲಬುರಗಿಯಲ್ಲಿ 14ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯ, ನಮ್ಮ ಬಿಎಂಶ್ರೀ. ಮೈಸೂರಿನ ಇಂಗ್ಲಿಷ್ ಮೇಷ್ಟ್ರು. 1911ರಲ್ಲೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಅಂತ ಉಪನ್ಯಾಸ ಕೊಟ್ಟವರು. ನೋಡಿ, ಆ ಶೀರ್ಷಿಕೆಯಲ್ಲೇ ಒಂದು ಸ್ವರ ಇದೆ. ಕೂಗಾಟ ಇಲ್ಲ, ಅಳುಮುಂಜಿತನವೂ ಇಲ್ಲ. ಉರ್ದು ಆಡಳಿತ ಭಾಷೆಯಾಗಿದ್ದ ರಾಜ್ಯದೊಳಗೆ ಅಂಥವರೊಬ್ಬರು ಬಂದು ಕನ್ನಡದ ಸಭೆಯ ಅಧ್ಯಕ್ಷತೆ ವಹಿಸಿದ್ದು ಸಣ್ಣ ಸಂಗತಿ ಅಲ್ಲ.

ಮರು ವರ್ಷವೇ, 1929ರಲ್ಲಿ, ನಿಜಾಮ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಗಸ್ತಿ ನಿಶಾನ್ 53. ಹಳೆಯ ಹೋರಾಟಗಾರರ ಬಾಯಲ್ಲಿ ಈ ನಂಬರು ಇವತ್ತಿಗೂ ಇದೆ. ಅನುಮತಿ ಇಲ್ಲದೆ ಸಾರ್ವಜನಿಕ ಸಭೆ ಮಾಡುವಂತಿಲ್ಲ ಅಂತ ಅದರ ಸಾರ. ವಾಚನಾಲಯದಲ್ಲಿ ನಾಲ್ಕು ಜನ ಸೇರಿ ಮಾತಾಡಿದರೂ ಸರ್ಕಾರದ ಕಿವಿ ನಿಮಿರುತ್ತಿತ್ತು. ಹಾಗಾಗಿ ಈ ಭಾಗದ ಜನ ತಗ್ಗಿದ ದನಿಯಲ್ಲಿ ಮಾತಾಡೋದನ್ನ ಕಲಿತರು. ಶಾಲೆಯಲ್ಲಿ, ಮಠದಲ್ಲಿ, ಜಾತ್ರೆಯಲ್ಲಿ, ಭಜನೆಯಲ್ಲಿ. ಕಲಬುರಗಿಯ ನೂತನ ವಿದ್ಯಾಲಯ 1907ರಿಂದ ಮಾಡಿದ ಕೆಲಸವೂ ಇಂಥದ್ದೇ, ಕೂಗದೆ ಮಾಡಿದ ಕೆಲಸ.

ಹೀಗೆ ಒಂದು ಕಡೆ ಬಾಯಿಗೆ ಬೀಗ. ಇನ್ನೊಂದು ಕಡೆ ಏನಾಯಿತು? ಮಜ್ಲಿಸ್-ಇ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಗೆ ಬಹಾದೂರ್ ಯಾರ್ ಜಂಗ್ ಅನ್ನೋ ನಾಯಕ ಇದ್ದರು. ಉರ್ದುವಿನ ಮಹಾ ವಾಗ್ಮಿ ಅಂತ ವಿರೋಧಿಗಳೂ ಒಪ್ಪಿಕೊಂಡವರು. 1944ರಲ್ಲಿ ತೀರಿಹೋದರು. ಎರಡು ವರ್ಷದ ನಂತರ ಆ ಕುರ್ಚಿಗೆ ಬಂದವರು ಲಾತೂರಿನ ವಕೀಲ ಕಾಸಿಂ ರಜ್ವಿ. ಬಹಾದೂರ್ ಯಾರ್ ಜಂಗರ ರಾಜಕೀಯವನ್ನು ನೀವು ಒಪ್ಪಿ, ಬಿಡಿ. ಆದರೆ ಅವರ ಮಾತಿನ ಹಿಂದೆ ಓದಿತ್ತು, ಪದಗಳ ಮೇಲೆ ಹಿಡಿತ ಇತ್ತು. ರಜ್ವಿಗೆ ಸಿಕ್ಕಿದ್ದು ಆ ವೇದಿಕೆ, ಆ ಮೈಕು, ಆ ಜನಸಂದಣಿ. ಹಿಡಿತ ಸಿಗಲಿಲ್ಲ.

ರಜ್ವಿ ಏನು ಹೇಳ್ತಿದ್ದರು? ದೆಹಲಿಯ ಕೆಂಪುಕೋಟೆ ಮೇಲೆ ಆಸಫ್ ಜಾಹಿ ಬಾವುಟ ಹಾರಿಸ್ತೀವಿ ಅಂತ. ಬಂಗಾಳ ಕೊಲ್ಲಿಯ ಅಲೆಗಳು ಬಂದು ನಿಜಾಮರ ಪಾದ ತೊಳೀತವೆ ಅಂತ. ಸುತ್ತಲೂ ಭಾರತ, ಒಂದೇ ಒಂದು ಬಂದರೂ ಇಲ್ಲದ ರಾಜ್ಯ. ಆ ಮಾತಿಗೆ ಆಧಾರವಾದ ಶಕ್ತಿ ಎಷ್ಟಿತ್ತು ಅನ್ನೋದು ಸೆಪ್ಟೆಂಬರ್ 13ರಿಂದ 17ರವರೆಗಿನ ಐದು ದಿನದಲ್ಲಿ ಲೋಕಕ್ಕೇ ಗೊತ್ತಾಯಿತು. 18ರಂದು ನಿಜಾಮರ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಎದುರು ಶರಣಾದರು. ಎರಡು ವರ್ಷದ ಗರ್ಜನೆ, ಐದು ದಿನದ ಯುದ್ಧ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಸಿಟ್ಟು ಬಂದಾಗ, ಹೆದರಿದಾಗ ನಮ್ಮ ಗಂಟಲಿನ ಧ್ವನಿತಂತುಗಳು ಬಿಗಿಯಾಗುತ್ತವೆ. ಬಿಗಿಯಾದಷ್ಟೂ ಸ್ವರ ಮೇಲಕ್ಕೆ ಏರುತ್ತೆ. ಉಸಿರು ತುಂಡಾಗುತ್ತೆ, ಮಾತಿನ ವೇಗ ಹೆಚ್ಚುತ್ತೆ. ಕೇಳುವವರ ಮೈ ಇದನ್ನು ಅರ್ಥಕ್ಕಿಂತ ಮೊದಲೇ ಹಿಡಿದುಬಿಡುತ್ತೆ. ಹಸುಗೂಸಿಗೆ ಮಾತು ಬರಲ್ಲ, ಆದರೆ ಅಮ್ಮ ರೇಗಿದ್ದಾಳೆ ಅನ್ನೋದು ತಿಳಿಯುತ್ತೆ. ಸಾವಿರಾರು ಜನರ ಸಭೆಯೂ ಆ ವಿಷಯದಲ್ಲಿ ಕೂಸಿನ ಹಾಗೇ. ಭಾಷಣಕಾರ ಏರುದನಿಯಲ್ಲಿ ‘ಅಪಾಯ’ ಅಂದ ಕೂಡಲೇ ಎದೆ ಬಡಿತ ಏರುತ್ತೆ. ಅಪಾಯ ನಿಜವೋ ಸುಳ್ಳೋ ಅಂತ ಬುದ್ಧಿ ಕೇಳೋದು ಆಮೇಲೆ. ಅಷ್ಟರಲ್ಲಿ ಕೈಗೆ ಕೋಲು ಬಂದಿರುತ್ತೆ.

ಆ ಕೋಲು ಬಿದ್ದಿದ್ದು ಯಾರ ಮೇಲೆ? 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದ ಮೇಲೆ ಬಿತ್ತು. ರಜಾಕಾರರ ದಾಳಿಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಅಂತ ಆ ಊರು ಇವತ್ತಿಗೂ ನೆನೆಯುತ್ತದೆ. ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಶೋಯೆಬುಲ್ಲಾ ಖಾನ್ ಮೇಲೆ ಬಿತ್ತು. ಅವರು ‘ಇಮ್ರೋಜ್’ ಅನ್ನೋ ಉರ್ದು ಪತ್ರಿಕೆಯ ಯುವ ಸಂಪಾದಕ. ಹೈದರಾಬಾದ್ ಭಾರತಕ್ಕೆ ಸೇರುವುದೇ ಸರಿ ಅಂತ ಬರೆದದ್ದೇ ಅವರ ಅಪರಾಧ. ಕೊಂದರು. ಬರೆಯುವ ಕೈಯನ್ನೇ ಕಡಿದರು. ಈ ಹೆಸರನ್ನು ನಾನು ಬೇಕಂತಲೇ ಹೇಳ್ತಿದ್ದೇನೆ. ಯಾಕಂದ್ರೆ ಈ ಇತಿಹಾಸವನ್ನ ಹಿಂದೂ-ಮುಸ್ಲಿಂ ಅಂತ ಎರಡು ಗೆರೆ ಎಳೆದು ಮುಗಿಸೋರಿಗೆ ಶೋಯೆಬುಲ್ಲಾ ಖಾನ್ ಅಡ್ಡ ಬರ್ತಾರೆ.

ಕೂಗಿದ ರಜ್ವಿ ಏನಾದರು? ಬಂಧನ ಆಯಿತು, ಜೈಲಾಯಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದರು. 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಅವರ ಮಾತು ಕೇಳಿ ಮೈ ಬಿಸಿ ಮಾಡಿಕೊಂಡವರಿಗೆ, ಕೇಳದೆಯೂ ಅದೇ ಊರಲ್ಲಿ ಇದ್ದವರಿಗೆ, ಹೋಗೋಕೆ ಕರಾಚಿ ಇರಲಿಲ್ಲ. ಅವರು ಕಲಬುರಗಿಯಲ್ಲಿ, ಬೀದರಿನಲ್ಲಿ, ಉಸ್ಮಾನಾಬಾದಿನಲ್ಲಿ, ತಮ್ಮ ಹೊಲ ಮನೆಯಲ್ಲೇ ಇದ್ದರು.

ಈಗ ಎರಡನೆಯ ತಪ್ಪು, ಪಿಸುಮಾತಿನ ಕಥೆ.

ಸೇನೆಯ ಆ ಐದು ದಿನದ ಕೆಲಸಕ್ಕೆ ಸರ್ಕಾರ ಕೊಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಟ್ಯಾಂಕು ಹೋಗಿತ್ತು, ವಿಮಾನ ಹೋಗಿತ್ತು, ಆದರೂ ಹೆಸರು ಪೊಲೀಸಿನದು. ಇದು ದೇಶದೊಳಗಿನ ವಿಷಯ, ಪರದೇಶದ ಮೇಲಿನ ಯುದ್ಧ ಅಲ್ಲ ಅಂತ ಜಗತ್ತಿಗೆ ಹೇಳಬೇಕಿತ್ತು. ಹೈದರಾಬಾದ್ ವಿಶ್ವಸಂಸ್ಥೆಯ ಬಾಗಿಲು ತಟ್ಟಿತ್ತು. ಹಾಗಾಗಿ ರಾಜಕೀಯವಾಗಿ ಆ ತಗ್ಗಿದ ಸ್ವರಕ್ಕೆ ಕಾರಣ ಇತ್ತು, ನಾನು ಅಲ್ಲಗಳೆಯಲ್ಲ.

ಆದರೆ ಆಮೇಲೆ ನಡೆದಿದ್ದಕ್ಕೂ ಅದೇ ತಗ್ಗಿದ ಸ್ವರ ಹಚ್ಚಿಬಿಟ್ಟರು. ರಜಾಕಾರರ ಮೇಲಿನ ಸೇಡು ರಜಾಕಾರರಿಗೆ ಮಾತ್ರ ಮುಟ್ಟಲಿಲ್ಲ. ಏನೂ ಮಾಡದ ಬಡ ಮುಸ್ಲಿಮರ ಮೇಲೂ ತಿರುಗಿತು. ಪರಿಸ್ಥಿತಿ ನೋಡಿ ಬರಲು ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲ್ ನೇತೃತ್ವದಲ್ಲಿ ಒಂದು ತಂಡ ಕಳಿಸಿತು. ಜೊತೆಗೆ ಕಾಜಿ ಅಬ್ದುಲ್ ಗಫಾರ್ ಇದ್ದರು. 1948ರ ನವೆಂಬರ್-ಡಿಸೆಂಬರಿನಲ್ಲಿ ಅವರು ಜಿಲ್ಲೆ ಜಿಲ್ಲೆ ಸುತ್ತಿದರು. ಇಡೀ ರಾಜ್ಯದಲ್ಲಿ ಸತ್ತವರು 27,000ದಿಂದ 40,000 ಇರಬಹುದು ಅಂತ ಅಂದಾಜು ಕೊಟ್ಟರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಅಂತ ಬರೆದರು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ಕಪಾಟಿನಲ್ಲಿ ಕೂತಿತ್ತು.

ಒಂದು ಸಾವಿನ ಸುದ್ದಿಗೆ ಎಷ್ಟು ದನಿ ಬೇಕೋ ಅಷ್ಟು ದನಿ ಸಿಗದಿದ್ದರೆ ಏನಾಗುತ್ತೆ? ಆ ಸುದ್ದಿ ಸಾಯಲ್ಲ. ಅದು ಗಾಳಿಮಾತಾಗುತ್ತೆ. ಪ್ರತಿ ಮನೆಯಲ್ಲೂ ಒಂದೊಂದು ಲೆಕ್ಕ, ಒಂದೊಂದು ಕಥೆ. ಮುಂದೆ ಯಾರಾದರೂ ದೊಡ್ಡ ಗಂಟಲಿನವ ಬಂದು ಆ ಗಾಳಿಮಾತಿಗೆ ಮತ್ತೆ ಮೈಕು ಹಿಡಿಯುತ್ತಾನೆ. ಕೂಗೂ ಮೌನವೂ ಹೀಗೆ ಒಂದಕ್ಕೊಂದು ಕೈ ಕೊಡುತ್ತವೆ.

ಈ ವಿಷಯದ ಮೇಲೆ ಕಾರ್ಯಕ್ರಮ ಮಾಡೋಕೆ ನಾವು ಕಮಲಾಪುರಕ್ಕೆ ಹೋಗಿದ್ದೆವು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮುಕ್ಕಾಲು ಗಂಟೆ ಹಾದಿ. ಈಗ ತಾಲೂಕು ಕೇಂದ್ರ. ಕೆಂಪು ಬಾಳೆಹಣ್ಣಿಗೆ ಹೆಸರುವಾಸಿ, ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕಿದೆ. ಬೇರೆ ಬಾಳೆಗಿಂತ ನಿಧಾನಕ್ಕೆ ಬೆಳೆಯೋ ಗಿಡ, ಒಂದೂವರೆ ವರ್ಷ ಕಾಯಬೇಕು. ಅಂಥ ಒಂದು ತೋಟದ ಬದಿಗೆ, ಎಂಬತ್ತು ದಾಟಿದ ಮುತ್ಯಾ ಒಬ್ಬರು ಮಾತಿಗೆ ಸಿಕ್ಕರು. 48ರಲ್ಲಿ ಅವರು ದನ ಕಾಯೋ ಹುಡುಗ.

ಮುತ್ಯಾ ಬಹಳ ಮೆಲ್ಲಗೆ ಮಾತಾಡ್ತಿದ್ದರು. ನಮ್ಮ ಕ್ಯಾಮೆರಾಮನ್ ಕಾಲರ್ ಮೈಕ್ ಸರಿ ಮಾಡ್ತಾ, ‘ಮುತ್ಯಾ, ಸ್ವಲ್ಪ ಜೋರಾಗಿ ಹೇಳ್ರಿ’ ಅಂದ.

‘ಇದು ಜೋರ್ಲೆ ಹೇಳೋ ಮಾತಲ್ಲ ತಮ್ಮಾ’ ಅಂದರು ಮುತ್ಯಾ.

ಆಮೇಲೆ ಅದೇ ದನಿಯಲ್ಲಿ ಹೇಳಿದರು. ‘ಮೊದಲ ನಾವು ಓಡಿದ್ವಿ. ರಜಾಕಾರರು ಬರ್ತಾರ ಅಂತ ನಮ್ಮವ್ವ ನಮ್ಮನ್ನ ಜ್ವಾಳದ ಹೊಲದಾಗ ಮಲಗಸ್ತಿದ್ಳು. ಆಮ್ಯಾಲ ಅವರು ಓಡಿದ್ರು. ನನ್ನ ಜೋಡಿ ದನ ಕಾಯಾವ ಒಬ್ಬ ಇದ್ದ, ಅವನ ಮನಿ ಮಂದಿನೂ ಅದೇ ಹೊಲದಾಗ ಮಲಗಿದ್ರು. ಹೊಲ ಒಂದೇ ಅದ ನೋಡ್ರಿ.’

ಅಷ್ಟು ಹೇಳಿ ಸುಮ್ಮನಾದರು. ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆ ಮೌನ ಹತ್ತು ಸೆಕೆಂಡಿಗಿಂತ ಹೆಚ್ಚೇ ಇತ್ತು. ಟಿ.ವಿ.ಯಲ್ಲಿ ಹತ್ತು ಸೆಕೆಂಡ್ ಮೌನ ಅಂದ್ರೆ ಎಡಿಟರ್ ಕತ್ತರಿ ಹಿಡೀತಾರೆ. ನಾವು ಕತ್ತರಿಸಲಿಲ್ಲ. ದನಿಯ ಮಟ್ಟವನ್ನು ಎಡಿಟಿಂಗ್‌ನಲ್ಲಿ ಸ್ವಲ್ಪ ಏರಿಸಿಕೊಂಡೆವು, ಅಷ್ಟೇ. ಹಿನ್ನೆಲೆ ಸಂಗೀತ ಹಾಕಲಿಲ್ಲ. ಕಾರ್ಯಕ್ರಮ ಪ್ರಸಾರವಾದ ಮೇಲೆ ಹೆಚ್ಚು ಜನ ನೆನೆಸಿಕೊಂಡಿದ್ದು ಆ ಮೌನವನ್ನೇ.

ಭಾಷಣ ಶಾಸ್ತ್ರದ ಮೇಷ್ಟ್ರುಗಳು ಹತ್ತು ತರಗತಿಯಲ್ಲಿ ಹೇಳೋದನ್ನ ಮುತ್ಯಾ ಒಂದೇ ವಾಕ್ಯದಲ್ಲಿ ಹೇಳಿದರು. ಮೆಲ್ಲಗೆ ಹೇಳೋದೂ ಮುಚ್ಚಿಡೋದೂ ಒಂದೇ ಅಲ್ಲ. ಸರ್ಕಾರದ ಪಿಸುಮಾತು ಲೆಕ್ಕವನ್ನ ಅಡಗಿಸಿತು. ಮುತ್ಯಾನ ಪಿಸುಮಾತು ಎರಡೂ ಕಡೆಯ ಲೆಕ್ಕ ಒಪ್ಪಿಸಿತು. ದನಿ ತಗ್ಗಿತ್ತು, ಮಾತು ಪೂರ್ತಿ ಇತ್ತು.

ಕಲಬುರಗಿಗೆ ಈ ಪಾಠ ಹೊಸದೇನಲ್ಲ. ಆರು ಶತಮಾನ ಹಿಂದಕ್ಕೆ ಹೋಗೋಣ. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದೆಹಲಿ ಬಿಟ್ಟು ಹೊರಟ ಸೂಫಿ ಸಂತ ಖಾಜಾ ಬಂದಾ ನವಾಜ್ ಗೇಸುದರಾಜ್ ಕಲಬುರಗಿಗೆ ಬಂದು ನೆಲೆಸಿದರು. ಬಹಮನಿ ಸುಲ್ತಾನ ಫಿರೋಜ್ ಷಾ ಮೊದಲು ಆದರದಿಂದ ಬರಮಾಡಿಕೊಂಡ. ಆಮೇಲೆ ಸಂಬಂಧ ಕೆಟ್ಟಿತು. ಪಟ್ಟ ತನ್ನ ಮಗನಿಗೆ ಅಂತ ಸುಲ್ತಾನನ ಆಸೆ, ಆಶೀರ್ವಾದ ಮಾಡಿ ಅಂತ ಕೇಳಿದ. ಸಂತರು ಒಪ್ಪಲಿಲ್ಲ. ಮುಂದಿನ ಸುಲ್ತಾನ ನಿನ್ನ ತಮ್ಮ ಅಹಮದ್ ಅಂತ ಸೂಚಿಸಿದರು. ಅದಾದ ಮೇಲೆ ಸುಲ್ತಾನನಿಂದ ಹೇಳಿಕೆ ಬಂತು: ನಿಮ್ಮ ಖಾನಖಾ ಕೋಟೆಗೆ ತೀರಾ ಹತ್ತಿರ ಇದೆ, ಜನರ ಗದ್ದಲ ಅರಮನೆಗೆ ತೊಂದರೆ ಮಾಡ್ತಿದೆ, ದೂರ ಹೋಗಿ. ಚರಿತ್ರೆಕಾರ ಫೆರಿಷ್ತಾ ಈ ಪ್ರಸಂಗ ಬರೆದಿದ್ದಾನೆ. ಸಂತರು ಜಾಗ ಬದಲಿಸಿದರು. ಇವತ್ತು ದರ್ಗಾ ಇರೋದು ಅಲ್ಲೇ.

ಗದ್ದಲ ಅನ್ನೋ ದೂರಿನ ಹಿಂದೆ ಏನಿತ್ತು? ಸಂತರು ಸುಲ್ತಾನನಿಗೆ ಹಿತವಾದ ಮಾತು ಹೇಳಲಿಲ್ಲ ಅನ್ನೋ ಸಿಟ್ಟು. ಮಾತು ಇಷ್ಟವಾಗದಿದ್ದಾಗ ದನಿ ಹೆಚ್ಚಾಯಿತು ಅನ್ನೋದು ಅಧಿಕಾರದ ಹಳೇ ಚಾಳಿ. 1929ರ ಗಸ್ತಿ ನಿಶಾನ್ 53 ಕೂಡ ಅದೇ. ಜನ ಮಾತಾಡಿದರೆ ಗದ್ದಲ, ತಮ್ಮವರು ಕಿರುಚಿದರೆ ಭಾಷಣ. ಕೊನೆಗೆ ಏನಾಯಿತು? 1422ರಲ್ಲಿ ಅಹಮದ್ ಷಾನೇ ಪಟ್ಟಕ್ಕೆ ಬಂದ. ಅದೇ ವರ್ಷ ಸಂತರೂ ತೀರಿಕೊಂಡರು. ರಾಜಧಾನಿ ಬೀದರಿಗೆ ಹೋಯಿತು, ಅರಮನೆ ಹಾಳುಬಿತ್ತು. ದೂರ ಕಳಿಸಿದ ಆ ಜಾಗಕ್ಕೆ ಇವತ್ತಿಗೂ ಎಲ್ಲ ಜಾತಿ ಧರ್ಮದ ಜನ ಉರುಸಿಗೆ ಸೇರುತ್ತಾರೆ.

ಹಾಗಾಗಿ ನಾನು ‘ಎಲ್ಲರೂ ಮೆಲ್ಲಗೆ ಮಾತಾಡಿ’ ಅಂತ ಉಪದೇಶ ಮಾಡೋಕೆ ಬಂದಿಲ್ಲ. ಕೂಗಬೇಕಾದಾಗ ಕೂಗಲೇಬೇಕು. ಮನೆಗೆ ಬೆಂಕಿ ಬಿದ್ದಾಗ ರಾಗವಾಗಿ ಹೇಳೋರು ಯಾರು? ನನ್ನ ಚಿಂತೆ ಬೇರೆ. ದಿನಾ ಕೂಗಿದರೆ, ಬೆಂಕಿ ಬಿದ್ದ ದಿನಕ್ಕೆ ನಮ್ಮ ಹತ್ತಿರ ಯಾವ ದನಿ ಉಳಿದಿರುತ್ತೆ?

ಕಲಬುರಗಿಯ ಉದಾಹರಣೆಯನ್ನೇ ಕೊಡ್ತೀನಿ. 2020ರ ಮಾರ್ಚ್. ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ಈ ಊರಲ್ಲಿ. ಆಗಿನ ಒಂದೆರಡು ವಾರ ಟಿ.ವಿ. ಪರದೆಗಳ ಮೇಲೆ ಕಲಬುರಗಿ ಅನ್ನೋ ಹೆಸರು ಹೇಗೆ ಉಚ್ಚಾರ ಆಯಿತು ನೆನಪಿದೆಯಾ? ಒಬ್ಬ ವೃದ್ಧರ ಸಾವು, ಒಂದು ಮನೆಯವರ ದುಃಖ, ಅದಕ್ಕೆ ಕೆಲವು ಕಡೆ ಹಚ್ಚಿದ್ದು ಭೂತದ ಸಿನಿಮಾದ ಸಂಗೀತ. ಕೈ ಹೇಗೆ ತೊಳೀಬೇಕು, ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲಿ ತಪಾಸಣೆ ಅನ್ನೋ ಮಾಹಿತಿಯೂ ಬರ್ತಿತ್ತು. ಆದರೆ ಆ ಅಬ್ಬರದ ಕೆಳಗೆ ಅದು ಕೇಳಿಸೋದು ಹೇಗೆ? ಹೆದರಿದ ಕಿವಿಗೆ ಸೂಚನೆ ಹತ್ತಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿತು. ನದಿ ದಂಡೆಯ ಊರುಗಳ ಜನ ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋಗಬೇಕಾಯಿತು. ಅಂಥ ಹೊತ್ತಲ್ಲಿ ಸುದ್ದಿ ಓದುವವನ ದನಿ ಒಂದು ಉಪಕರಣ. ಎಷ್ಟು ನೀರು ಬಿಟ್ಟಿದ್ದಾರೆ, ಯಾವ ಸೇತುವೆ ಮುಳುಗಿದೆ, ಯಾವ ದಾರಿ ತೆರೆದಿದೆ ಅನ್ನೋದನ್ನ ಸ್ಪಷ್ಟವಾಗಿ, ಎರಡು ಸಲ ಹೇಳಬೇಕು. ಆದರೆ ವರ್ಷವಿಡೀ ಯಾವ ನಟನ ಮದುವೆಗೂ ಯಾವ ಶಾಸಕರ ಮುನಿಸಿಗೂ ಅದೇ ಏರುದನಿ ಖರ್ಚು ಮಾಡಿದ್ದರೆ, ಪ್ರವಾಹದ ದಿನ ವೀಕ್ಷಕರು ಏನಂದುಕೊಳ್ತಾರೆ? ‘ಇವರದ್ದು ದಿನಾ ಇದ್ದಿದ್ದೇ’ ಅಂತ ಚಾನೆಲ್ ಬದಲಾಯಿಸ್ತಾರೆ. ತೋಳ ಬಂತು ತೋಳ ಅನ್ನೋ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಕೊನೆಗೆ ತೋಳ ನಿಜವಾಗಿ ಬರುತ್ತೆ ಅನ್ನೋದನ್ನ ಮಾತ್ರ ಮರೀತೀವಿ.

ನನ್ನ ಜೊತೆ ಕೆಲಸಕ್ಕೆ ಸೇರೋ ಹುಡುಗ ಹುಡುಗಿಯರಿಗೆ ನಾನು ಮೈಕಿನ ಮುಂದೆ ಕೂರೋಕೆ ಮುಂಚೆ ಕೆಲವು ಮಾತು ಹೇಳ್ತೀನಿ. ನಿಮ್ಮಲ್ಲಿ ಶಾಲೆಯ ವೇದಿಕೆ ಮೇಲೆ, ಗ್ರಾಮಸಭೆಯಲ್ಲಿ, ಸಂಘದ ಸಭೆಯಲ್ಲಿ ಮಾತಾಡೋರಿಗೂ ಬೇಕಾಗಬಹುದು.

ಹಾಳೆಯನ್ನ ಮೊದಲು ಮನಸ್ಸಲ್ಲಿ ಓದಿ, ಇದು ಯಾರಿಗೆ ನೋವಿನ ಸುದ್ದಿ ಅಂತ ಕೇಳಿಕೊಳ್ಳಿ. ಆ ಮನೆಯವರು ಎದುರು ಕೂತಿದ್ದರೆ ಯಾವ ದನಿಯಲ್ಲಿ ಹೇಳ್ತೀರೋ ಅದೇ ದನಿ ಸರಿಯಾದ ದನಿ. ಸಾವಿನ ಸಂಖ್ಯೆ ಬಂದಾಗ ಅದಕ್ಕೆ ಮುಂಚೆ ಅರೆಕ್ಷಣ ನಿಲ್ಲಿ. ಸಂಖ್ಯೆಯ ಕೊನೆಗೆ ಸ್ವರ ಮೇಲಕ್ಕೆ ಎತ್ತಬೇಡಿ. ಮೇಲಕ್ಕೆ ಎತ್ತಿದರೆ ಕ್ರಿಕೆಟ್ ಸ್ಕೋರ್ ಥರ ಕೇಳುತ್ತೆ. ಒತ್ತು ಕೊಡಬೇಕು ಅಂದರೆ ಕೂಗಬೇಕಿಲ್ಲ, ನಿಧಾನ ಮಾಡಿದರೆ ಸಾಕು. ಹೊಟ್ಟೆಯಿಂದ ಉಸಿರು ತಗೊಳ್ಳಿ. ಎದೆಯ ಮೇಲ್ಭಾಗದಿಂದ ಉಸಿರಾಡಿದರೆ ಗಂಟಲು ಬಿಗಿದು ದನಿ ಕೀರಲಾಗುತ್ತೆ. ಆರೋಪವನ್ನ ತೀರ್ಪಿನ ದನಿಯಲ್ಲಿ ಓದಬೇಡಿ. ಪದ ‘ಆರೋಪಿ’ ಅಂತಿದ್ದು ದನಿ ‘ಅಪರಾಧಿ’ ಅಂತ ಹೇಳಿದರೆ ಜನ ನಂಬೋದು ದನಿಯನ್ನೇ.

ಈ ಕೊನೆಯ ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಪದ ಮತ್ತು ದನಿ ಜಗಳ ಆಡಿದಾಗ ಗೆಲ್ಲೋದು ಯಾವಾಗಲೂ ದನಿ. ಕಾನೂನಿನ ಪ್ರಕಾರ ನಾವು ಒಂದು ಅಕ್ಷರವೂ ತಪ್ಪಿರಲ್ಲ, ಆದರೆ ಒಬ್ಬನ ಮಾನ ಹೋಗಿರುತ್ತೆ. ಒಂದು ಕೋಮಿನ ಮೇಲೆ ಬೀದಿಯ ಕಣ್ಣು ಬಿದ್ದಿರುತ್ತೆ. ಸ್ಕ್ರಿಪ್ಟ್ ತೆಗೆದು ನೋಡಿ, ಎಲ್ಲ ಸರಿ ಇದೆ ಅಂತೀವಿ. ದನಿಯನ್ನ ಯಾವ ಸ್ಕ್ರಿಪ್ಟಿನಲ್ಲಿ ಹುಡುಕೋದು?

ಮತ್ತೆ ಆ ವರ್ಷಗಳಿಗೆ ಬರೋಣ. ಗಾಯ ಇನ್ನೂ ಹಸಿ ಇದ್ದಾಗ, 1949ರಲ್ಲಿ, ಕಲಬುರಗಿಯಲ್ಲಿ ಮತ್ತೊಮ್ಮೆ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಿಜಾಮರ ಆಳ್ವಿಕೆ ಮುಗಿದು ಆಗಿನ್ನೂ ಬಹಳ ದಿನ ಆಗಿರಲಿಲ್ಲ. ವಿಜಯೋತ್ಸವದ ಅಬ್ಬರಕ್ಕೆ ಅದಕ್ಕಿಂತ ಒಳ್ಳೆ ವೇದಿಕೆ ಬೇಕಿತ್ತಾ? ಆ ಸಮ್ಮೇಳನದ ಅಧ್ಯಕ್ಷರು ಯಾರು ಗೊತ್ತಾ? ಉತ್ತಂಗಿ ಚೆನ್ನಪ್ಪನವರು. ಕ್ರೈಸ್ತ ಪಾದ್ರಿ. ಊರೂರು ತಿರುಗಿ ಸರ್ವಜ್ಞನ ವಚನಗಳನ್ನ ಹುಡುಕಿ ಸಂಗ್ರಹಿಸಿದವರು, ಶರಣ ಸಾಹಿತ್ಯವನ್ನ ಪ್ರೀತಿಯಿಂದ ಓದಿದವರು. ಹಿಂದೂ-ಮುಸ್ಲಿಂ ಅಂತ ಎರಡು ಪಾಲಾಗಿ ನೆತ್ತರು ಕಂಡ ನೆಲದಲ್ಲಿ, ಕನ್ನಡದ ದೊಡ್ಡ ಸಭೆಗೆ ಈ ಎರಡೂ ಅಲ್ಲದ, ಆದರೆ ಎಲ್ಲರ ಮಾತನ್ನೂ ಕಿವಿಗೊಟ್ಟು ಕೇಳಿಸಿಕೊಂಡಿದ್ದ ಒಬ್ಬ ಹಿರಿಯರು ಅಧ್ಯಕ್ಷರಾದರು.

ಮೂರು ವರ್ಷದ ನಂತರ ಮೊದಲ ಲೋಕಸಭೆಗೆ ಗುಲ್ಬರ್ಗ ಆರಿಸಿ ಕಳಿಸಿದ್ದು ಸ್ವಾಮಿ ರಮಾನಂದ ತೀರ್ಥರನ್ನ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು, ಕಾವಿ ತೊಟ್ಟ ಸನ್ಯಾಸಿ, ಅದಕ್ಕೂ ಮೊದಲು ಶಾಲಾ ಮೇಷ್ಟ್ರು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಜೈಲು ಸೇರಿದವರು. ದೇಶ ಪೂರ್ತಿ ಸ್ವಾತಂತ್ರ್ಯದ ಭಾಷಣ ಮಾಡ್ತಿದ್ದ ದಿನ ಅವರ ಪಾಲಿಗೆ ಬಂದಿದ್ದು ಸೆರೆಮನೆ. ಗರ್ಜನೆ ಕೇಳಿ ಕೇಳಿ ದಣಿದಿದ್ದ ಜನ, ದನಿಗಿಂತ ಬದುಕು ದೊಡ್ಡದಿದ್ದ ಒಬ್ಬರಿಗೆ ವೋಟು ಹಾಕಿದರು. ವೋಟು ಹಾಕಿದವರಿಗೆ ಭಾಷಣ ಶಾಸ್ತ್ರ ಗೊತ್ತಿರಲಿಲ್ಲ. ಯಾವ ಮಾತಿನ ಹಿಂದೆ ಎಷ್ಟು ಬದುಕು ಇದೆ ಅನ್ನೋದು ಗೊತ್ತಿತ್ತು.

ಪ್ರತಿ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಧ್ವಜಾರೋಹಣ ಆಗುತ್ತೆ. ಸರ್ದಾರ್ ಪಟೇಲರ ಪ್ರತಿಮೆಗೆ ಹಾರ ಬೀಳುತ್ತೆ. ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು 2019ರಿಂದ ಕಲ್ಯಾಣ ಕರ್ನಾಟಕ ಆಗಿದೆ. ಅವತ್ತು ಬಹಳ ಭಾಷಣ ನಡೆಯುತ್ತವೆ, ನಾವೂ ನೇರ ಪ್ರಸಾರ ಮಾಡ್ತೀವಿ. ಆ ದಿನ ನೀವು ಟಿ.ವಿ. ಮುಂದೆ ಕೂತಾಗ ಒಂದು ಕೆಲಸ ಮಾಡಿ. ಮಾತನ್ನ ಕೇಳಿ, ಜೊತೆಗೆ ದನಿಯನ್ನೂ ಕೇಳಿ. ಗೋರ್ಟಾದಲ್ಲಿ ಸತ್ತವರ ಬಗ್ಗೆ ಹೇಳುವಾಗ ಆ ದನಿಯಲ್ಲಿ ಏನಿದೆ? ಸುಂದರಲಾಲರ ವರದಿಯಲ್ಲಿ ಸತ್ತವರ ಬಗ್ಗೆ ಹೇಳುವಾಗ ಏನಿದೆ? ಎರಡಕ್ಕೂ ಒಂದೇ ದುಃಖ ಇದ್ದರೆ ಆ ಮನುಷ್ಯನ ಮಾತನ್ನ ಪೂರ್ತಿ ಕೇಳಿ. ಒಂದಕ್ಕೆ ದುಃಖ, ಇನ್ನೊಂದಕ್ಕೆ ಚಪ್ಪಾಳೆ ಹುಡುಕುವ ದನಿ ಇದ್ದರೆ, ಅವರು ನಮ್ಮ ಮಕ್ಕಳನ್ನ ಮತ್ತೆ ಅದೇ ಜೋಳದ ಹೊಲಕ್ಕೆ ಕಳಿಸೋಕೆ ಹೊರಟಿದ್ದಾರೆ ಅಂತ ತಿಳೀರಿ.

ಆ ಮಾತು ನನ್ನ ಬಾಯಿಂದ ಬಂದರೂ ಸರಿ. ರಿಮೋಟ್ ನಿಮ್ಮ ಕೈಯಲ್ಲೇ ಇದೆ.